ಹತ್ತು ಅಡಿ ಗೇಟಿನಲ್ಲಿ ಕಾರಿಗೆ ಸಿಗುವುದು ಎಷ್ಟು ಅಡಿ?

ದಾವಣಗೆರೆಯಲ್ಲಿ ಮನೆ ಕಟ್ಟಿಸುವ ಹೆಚ್ಚಿನವರು ಕಾರು ನಿಲ್ಲಿಸುವ ಜಾಗದ ಗೇಟಿನ ಬಗ್ಗೆ ಯೋಚಿಸುವುದು ಬಣ್ಣ ಬಳಿಯುವ ಹೊತ್ತಿಗೆ. ಅಷ್ಟರಲ್ಲಿ ಪಿಲ್ಲರ್ ಎದ್ದಿರುತ್ತದೆ, ಬೀಮ್ ಬಿದ್ದಿರುತ್ತದೆ, ಪಿಲ್ಲರಿಗೆ ಗ್ರಾನೈಟ್ ಕೂಡ ಅಂಟಿಸಿ ಆಗಿರುತ್ತದೆ. ವೆಲ್ಡಿಂಗ್ ಅಂಗಡಿಯವರು ಬಂದು ಟೇಪ್ ಹಿಡಿದು, ಇರುವ ಸಂದಿಗೆ ಸರಿಯಾಗಿ ಗೇಟು ಮಾಡಿಕೊಟ್ಟು ಹೋಗುತ್ತಾರೆ. ಅವರದೇನೂ ತಪ್ಪಿಲ್ಲ. ಅಳತೆ ತೀರ್ಮಾನ ಆಗಬೇಕಿದ್ದದ್ದು ಪಾಯಕ್ಕೆ ಮಾರ್ಕಿಂಗ್ ಹಾಕಿದ ದಿನ. ಆವತ್ತು ಮೇಸ್ತ್ರಿ ಕೇಳಿದಾಗ ‘ಹತ್ತು ಅಡಿ ಬಿಡ್ರಿ, ಸಾಕು’ ಅಂದದ್ದೇ ಕೊನೆಯ ಮಾತಾಗಿ ಉಳಿದುಬಿಡುತ್ತದೆ.

ಅಮೆರಿಕದಂಥ ಕಡೆ ಗ್ಯಾರೇಜ್ ಬಾಗಿಲು ಸಿದ್ಧ ಅಳತೆಯಲ್ಲಿ ಬರುತ್ತದೆ. ಒಂದು ಕಾರಿಗೆ 8 ಅಥವಾ 9 ಅಡಿ ಅಗಲ, 7 ಅಡಿ ಎತ್ತರ. ಎರಡು ಕಾರಿಗೆ 16 ಅಡಿ ಅಗಲ. ಮನೆಯನ್ನೇ ಆ ಅಳತೆಗೆ ಹೊಂದುವಂತೆ ಕಟ್ಟುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಗೇಟಾಗಲಿ, ರೋಲಿಂಗ್ ಶಟರ್ ಆಗಲಿ, ನಾವು ಹೇಳಿದ ಅಳತೆಗೆ ಮಾಡಿಕೊಡುತ್ತಾರೆ. ಇದರಲ್ಲಿ ಅನುಕೂಲ ಇದೆ, ಆದರೆ ನಮ್ಮ ಪರವಾಗಿ ಬೇರೆ ಯಾರೂ ಲೆಕ್ಕ ಹಾಕಿರುವುದಿಲ್ಲ. ಆ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆದಿದೆ.

ಮೊದಲು ಕಾರಿನ ಅಗಲ

ಕಂಪನಿಯವರು ಕೊಡುವ ಅಗಲದಲ್ಲಿ ಪಕ್ಕದ ಕನ್ನಡಿಗಳು ಸೇರಿರುವುದಿಲ್ಲ. ಆಲ್ಟೊ ಕೆ10 ಅಗಲ 1490 ಮಿ.ಮೀ., ವ್ಯಾಗನ್ ಆರ್ 1620, ಸ್ವಿಫ್ಟ್ 1735, ಕ್ರೆಟಾ 1790, ಇನ್ನೋವಾ ಕ್ರಿಸ್ಟಾ 1830, ಸ್ಕಾರ್ಪಿಯೊ ಎನ್ 1917. ಕನ್ನಡಿ ತೆರೆದಿದ್ದರೆ ಇದಕ್ಕೆ ಇನ್ನೂ 8ರಿಂದ 10 ಇಂಚು ಸೇರಿಸಿಕೊಳ್ಳಬೇಕು. ಅಂದರೆ ಕ್ರೆಟಾದಂಥ ಕಾರು ಗೇಟು ದಾಟುವಾಗ ಆಕ್ರಮಿಸುವ ಅಗಲ ಸುಮಾರು 6 ಅಡಿ 8 ಇಂಚು. ಸ್ಕಾರ್ಪಿಯೊ ಎನ್ ಆದರೆ 7 ಅಡಿ ದಾಟುತ್ತದೆ.

ಎರಡೂ ಬದಿಗೆ ಒಂದೊಂದು ಅಡಿ ಬಿಟ್ಟರೆ ಮನೆಯಲ್ಲಿ ಯಾರು ಬೇಕಾದರೂ, ಹೊಸದಾಗಿ ಓಡಿಸಲು ಕಲಿತವರು ಕೂಡ, ಹೆದರದೆ ಒಳಗೆ ತರಬಹುದು. ಆ ಲೆಕ್ಕದಲ್ಲಿ ಕ್ರೆಟಾಕ್ಕೆ 8 ಅಡಿ 8 ಇಂಚು, ಸ್ಕಾರ್ಪಿಯೊ ಎನ್‌ಗೆ 9 ಅಡಿಗಿಂತ ತುಸು ಹೆಚ್ಚು. ಈಗ ಇರುವ ಕಾರಿಗೆ ಮಾತ್ರ ಲೆಕ್ಕ ಹಾಕಬೇಡಿ. ಆಲ್ಟೊಗೂ ಸ್ಕಾರ್ಪಿಯೊಗೂ ಹೆಚ್ಚುಕಡಿಮೆ 17 ಇಂಚು ವ್ಯತ್ಯಾಸ. ಕಾರು ಹತ್ತು ವರ್ಷದೊಳಗೆ ಬದಲಾಗುತ್ತದೆ. ಪಿಲ್ಲರ್ ಮನೆ ಇರುವವರೆಗೂ ಅಲ್ಲೇ ಇರುತ್ತದೆ. ಕನಿಷ್ಠ 9 ಅಡಿ ಕ್ಲಿಯರ್ ಸಿಗುವಂತೆ ನೋಡಿಕೊಳ್ಳಿ ಎಂಬುದು ನಮ್ಮ ಖಚಿತ ಸಲಹೆ.

ಇಲ್ಲಿ ‘ಕ್ಲಿಯರ್’ ಅನ್ನುವುದರ ಮೇಲೆ ಗಮನ ಇರಲಿ. ಗೇಟು ಪೂರ್ತಿ ತೆರೆದು ನಿಂತಾಗ ಈ ಬದಿಯ ಕಬ್ಬಿಣದಿಂದ ಆ ಬದಿಯ ಕಬ್ಬಿಣದವರೆಗೆ ಉಳಿಯುವ ಖಾಲಿ ಜಾಗ ಅದು.

ಹತ್ತು ಅಡಿ ಕರಗುವುದು ಹೀಗೆ

ಕಾಂಕ್ರೀಟ್ ಪಿಲ್ಲರಿನಿಂದ ಪಿಲ್ಲರಿಗೆ 10 ಅಡಿ, ಅಂದರೆ 120 ಇಂಚು ಬಿಟ್ಟಿದ್ದೀರಿ ಅಂತಿಟ್ಟುಕೊಳ್ಳಿ. ಎರಡೂ ಬದಿಗೆ ಅರ್ಧರ್ಧ ಇಂಚು ಪ್ಲಾಸ್ಟರ್ ಆದರೆ 119. ಅದರ ಮೇಲೆ ಗ್ರಾನೈಟ್ ಅಥವಾ ಕಲ್ಲಿನ ಟೈಲ್ಸ್ ಹಾಕಿಸಿದರೆ ಮಾಲು ಸೇರಿ ಒಂದೊಂದು ಬದಿಗೆ ಒಂದೂವರೆ ಇಂಚು ಹೋಗಿ 116. ಗೇಟಿನ ಹಿಂಜ್ ಕೂರಿಸಲು ಪಿಲ್ಲರಿಗೆ 2 ಇಂಚಿನ ಪೈಪೋ ಆಂಗಲ್ಲೋ ನಿಲ್ಲಿಸುತ್ತಾರೆ, ಈಗ 112. ಗೇಟಿನ ರೆಕ್ಕೆ ಒಳಕ್ಕೆ ತಿರುಗಿ ನೇರವಾಗಿ ನಿಂತಾಗ ಅದರ ದಪ್ಪ, ಹಿಡಿಕೆ, ಚಿಲಕ ಸೇರಿ ಒಂದೊಂದು ಬದಿಗೆ 3 ಇಂಚು ತಿನ್ನುತ್ತದೆ. ಉಳಿದದ್ದು 106 ಇಂಚು, ಅಂದರೆ 8 ಅಡಿ 10 ಇಂಚು.

ಕಾಗದದ ಮೇಲಿನ ಹತ್ತು ಅಡಿಯಲ್ಲಿ ಒಂದಡಿ ಎರಡು ಇಂಚು ಹೀಗೆ ಸದ್ದಿಲ್ಲದೆ ಹೋಯಿತು. ಆದ್ದರಿಂದ ಮೇಸ್ತ್ರಿಗೆ ಅಳತೆ ಹೇಳುವಾಗ ಹಿಂದಿನಿಂದ ಮುಂದಕ್ಕೆ ಬನ್ನಿ. ಬೇಕಾದ ಕ್ಲಿಯರ್ 9 ಅಡಿ ಆದರೆ, ಕಾಂಕ್ರೀಟಿನಿಂದ ಕಾಂಕ್ರೀಟಿಗೆ 10 ಅಡಿ 3 ಇಂಚು ಬಿಡಿಸಿ. ಪಿಲ್ಲರಿಗೆ ಕಲ್ಲು ಹಾಕಿಸುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಿದ್ದರೆ ಮಾತ್ರ 10 ಸಾಕು. ಹಿಂಜ್‌ಗಳನ್ನು ಪಿಲ್ಲರಿನ ಒಳಮುಖಕ್ಕೆ, ಅಂದರೆ ಮನೆಯ ಕಡೆಗಿರುವ ಮುಖಕ್ಕೆ ಕೂರಿಸಿದರೆ ರೆಕ್ಕೆ ಪಿಲ್ಲರಿನ ಹಿಂದಕ್ಕೆ ಸರಿದು ನಿಲ್ಲುತ್ತದೆ. ಆಗ ಕೊನೆಯ ಹತ್ತು ಇಂಚಿನಲ್ಲಿ ಬಹುಪಾಲು ವಾಪಸು ಸಿಗುತ್ತದೆ. ಪಕ್ಕದಲ್ಲಿ ಕಾಂಪೌಂಡ್ ಗೋಡೆ ತಾಗದಂತೆ ಜಾಗ ಇರಬೇಕು, ಅಷ್ಟೇ.

ರಸ್ತೆಯೂ ಗೇಟಿನ ಅಳತೆಯ ಭಾಗ

ಕಾರು ಗೇಟಿಗೆ ನೇರವಾಗಿ ಬರುವುದಿಲ್ಲ, ರಸ್ತೆಯಿಂದ ಲಂಬಕೋನಕ್ಕೆ ತಿರುಗಿ ಬರುತ್ತದೆ. ತಿರುವಿನಲ್ಲಿ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲೇ ಹೋಗುವುದಿಲ್ಲ. ಒಳಗಡೆಗೆ ಕತ್ತರಿಸಿಕೊಂಡು ಹೋಗುತ್ತದೆ. ಮುಂಭಾಗ ಸಲೀಸಾಗಿ ದಾಟಿ, ಹಿಂದಿನ ಬಾಗಿಲು ಪಿಲ್ಲರಿಗೆ ಉಜ್ಜುವುದು ಇದರಿಂದಲೇ. ಎಡಕ್ಕೆ ತಿರುಗಿ ಒಳಬರುವ ಮನೆಗಳ ಕಾರುಗಳಲ್ಲಿ ಎಡಗಡೆಯ ಹಿಂದಿನ ಬಾಗಿಲಿಗೇ ಗೀರು ಹೆಚ್ಚು. ಅದು ಚಾಲಕರ ಕಣ್ಣಿಗೆ ದೂರದ ಬದಿ ಕೂಡ.

ನಿಜಲಿಂಗಪ್ಪ ಬಡಾವಣೆ, ವಿದ್ಯಾನಗರದಂಥ ಕಡೆ 30 ಅಡಿ ಅಥವಾ ಅದಕ್ಕಿಂತ ಅಗಲದ ರಸ್ತೆ ಇದ್ದರೆ 9 ಅಡಿ ಕ್ಲಿಯರ್ ಸಾಕು. 20 ಅಡಿ ರಸ್ತೆಗೆ 10ರಿಂದ 10½ ಅಡಿ ಇರಲಿ. ಮಂಡಿಪೇಟೆ, ಚೌಕಿಪೇಟೆ ಸುತ್ತಿನ ಹಳೆಯ ಗಲ್ಲಿಗಳಲ್ಲಿ, ಚಿತ್ರದುರ್ಗದ ಕೋಟೆ ಕಡೆಯ ಇಕ್ಕಟ್ಟಾದ ಬೀದಿಗಳಲ್ಲಿ 12 ಅಡಿ ಬಿಟ್ಟರೂ ಒಂದೆರಡು ಸಲ ಹಿಂದೆ ಮುಂದೆ ಮಾಡಬೇಕಾಗುತ್ತದೆ. ಅಂಥಲ್ಲಿ ಗೇಟು ಇನ್ನಷ್ಟು ಅಗಲ ಮಾಡುವುದಕ್ಕಿಂತ ಪಿಲ್ಲರನ್ನು ಎರಡಡಿ ಒಳಗೆ ಸರಿಸಿ, ಕಾಂಪೌಂಡಿನ ಎರಡೂ ಮೂಲೆಯನ್ನು ಓರೆಯಾಗಿ ಕತ್ತರಿಸುವುದು ಒಳ್ಳೆಯದು. ಒಳಗೆ ಕತ್ತರಿಸಿ ಬರುವ ಹಿಂದಿನ ಚಕ್ರಕ್ಕೆ ಬೇಕಾದ ಜಾಗ ಸರಿಯಾಗಿ ಅಲ್ಲೇ ಸಿಗುತ್ತದೆ. ಹಿಮ್ಮುಖವಾಗಿ ಒಳಗೆ ಹಾಕುವ ರೂಢಿ ಇದ್ದರೆ ಕಡಿಮೆ ಜಾಗದಲ್ಲೂ ಆಗುತ್ತದೆ; ತಿರುಗುವ ಚಕ್ರಗಳು ರಸ್ತೆಯ ಕಡೆಗೆ ಉಳಿಯುವುದರಿಂದ ಕಾರಿನ ಹಿಂಭಾಗವನ್ನು ಬೇಗ ನೇರ ಮಾಡಿಕೊಳ್ಳಬಹುದು.

ರಸ್ತೆಯ ಅಗಲ ಅಳೆಯುವಾಗ ಎದುರು ಮನೆಯವರ ಕಾರು, ಬೈಕು ನಿಲ್ಲುವ ಜಾಗ ಕಳೆದು ಲೆಕ್ಕ ಹಾಕಿ. ಗೇಟಿನ ಎದುರು ಕರೆಂಟ್ ಕಂಬವೋ ಬೇವಿನ ಮರವೋ ಇದ್ದರೆ ಗೇಟನ್ನೇ ಸೈಟಿನ ಇನ್ನೊಂದು ಮೂಲೆಗೆ ಸರಿಸುವ ಬಗ್ಗೆ ನಕ್ಷೆಯ ಹಂತದಲ್ಲೇ ಯೋಚಿಸಬೇಕು.

ಈ ಎಲ್ಲ ಲೆಕ್ಕಕ್ಕಿಂತ ನಂಬಿಕೆಯ ದಾರಿ ಒಂದಿದೆ. ಪಾಯ ತೆಗೆಯುವ ಮೊದಲು ಪಿಲ್ಲರ್ ಬರುವ ಎರಡೂ ಜಾಗದಲ್ಲಿ ನಾಲ್ಕು ನಾಲ್ಕು ಇಟ್ಟಿಗೆ ಪೇರಿಸಿ, ಅದರಲ್ಲಿ ಕೋಲು ನಿಲ್ಲಿಸಿ, ಕಾರನ್ನು ಎರಡೂ ದಿಕ್ಕಿನಿಂದ ತಿರುಗಿಸಿ ಒಳಗೆ ತನ್ನಿ. ದೊಡ್ಡ ಕಾರು ಇರುವ ನೆಂಟರು ಯಾರಾದರೂ ಇದ್ದರೆ ಅವರದ್ದನ್ನೇ ತರಿಸಿ. ಅರ್ಧ ಗಂಟೆಯ ಕೆಲಸ.

ಒಳಗಿನ ಉದ್ದ ಗೇಟಿನ ಜಾತಿ ಹೇಳುತ್ತದೆ

30×40 ಸೈಟಿನಲ್ಲಿ ಅತಿ ಹೆಚ್ಚು ಎಡವುವುದು ಇಲ್ಲಿ. ಕ್ರೆಟಾ ಉದ್ದ 4330 ಮಿ.ಮೀ., 14 ಅಡಿ 2½ ಇಂಚು. 10 ಅಡಿ ಗೇಟು ಎರಡು ಸಮ ರೆಕ್ಕೆಯದ್ದಾದರೆ ಒಂದೊಂದು ರೆಕ್ಕೆ 5 ಅಡಿ. ಅದು ಒಳಕ್ಕೆ ತಿರುಗಲು ಸುಮಾರು 5 ಅಡಿ ಖಾಲಿ ಬೇಕು. ಕಾರಿನ ಮುಂದೆ ಗೋಡೆಗೆ ಒಂದಡಿ ಬಿಟ್ಟರೂ ಒಟ್ಟು 20 ಅಡಿ ದಾಟಿತು. ಮುಂಭಾಗದಲ್ಲಿ 16–18 ಅಡಿ ಬಿಟ್ಟು ಮನೆ ಕಟ್ಟಿದವರಿಗೆ ಕಾರು ಒಳಗೆ ಹೋಗುತ್ತದೆ, ಗೇಟು ಹಾಕಲು ಆಗುವುದಿಲ್ಲ. ಆಗ ಗೇಟನ್ನು ಹೊರಕ್ಕೆ ತೆರೆಯುವಂತೆ ಮಾಡಿಸುತ್ತಾರೆ. ಅದನ್ನು ಮಾಡಬಾರದು. ರಸ್ತೆ ಎಲ್ಲರದ್ದು, ಕತ್ತಲಲ್ಲಿ ಬೈಕಿನಲ್ಲಿ ಬರುವವರಿಗೆ ಅರ್ಧ ತೆರೆದ ಗೇಟಿನ ಅಂಚು ಕಾಣುವುದಿಲ್ಲ.

ಉದ್ದ ಕಡಿಮೆ ಇದ್ದರೆ ಸ್ಲೈಡಿಂಗ್ ಅಥವಾ ಮಡಚುವ ಗೇಟು. ಸ್ಲೈಡಿಂಗ್ ಗೇಟಿಗೆ ಪಕ್ಕದಲ್ಲಿ ಗೇಟಿನಷ್ಟೇ ಉದ್ದದ ಜೊತೆಗೆ ಒಂದಡಿ, ಹೀಗೆ 10 ಅಡಿ ಗೇಟಿಗೆ 11 ಅಡಿ ನೇರ ಗೋಡೆ ಬೇಕು. ಆ 11 ಅಡಿಯಲ್ಲಿ ಮೀಟರ್ ಬಾಕ್ಸ್, ನಲ್ಲಿ, ಸಂಪಿನ ಮುಚ್ಚಳ, ಹೂವಿನ ಕಟ್ಟೆ ಯಾವುದೂ ಅಡ್ಡ ಬರಬಾರದು. 20 ಅಡಿ ಅಗಲದ ಸೈಟಿನಲ್ಲಿ ಇದು ಕೂರುವುದೇ ಇಲ್ಲ. ಕೆಳಗಿನ ಟ್ರ್ಯಾಕ್ ಸಮಮಟ್ಟದಲ್ಲಿ ಇರಬೇಕು. ಒಂದು ಬದಿಗೆ ಇಳಿಜಾರಿದ್ದರೆ ಗೇಟು ತಾನಾಗಿ ಜಾರುತ್ತದೆ. ಎರಡೂ ತುದಿಗೆ ಗಟ್ಟಿ ಸ್ಟಾಪರ್ ವೆಲ್ಡ್ ಆಗಿದೆಯೇ, ಮೇಲೆ ಗೈಡ್ ರೋಲರ್ ಎರಡಿವೆಯೇ ಎಂದು ನೀವೇ ನಿಂತು ನೋಡಿ. ಸ್ಟಾಪರ್ ಇಲ್ಲದ ಗೇಟು ಗೈಡಿನಿಂದ ಆಚೆ ಸರಿದು ಮಗುಚಿ ಬೀಳುತ್ತದೆ, ಮತ್ತು ಅದರ ಪಕ್ಕದಲ್ಲಿ ಆಡುವುದು ಮಕ್ಕಳೇ. ಇದೊಂದರಲ್ಲಿ ಯಾರ ಮಾತಿಗೂ ರಾಜಿಯಾಗಬೇಡಿ.

ಮಡಚುವ ಗೇಟು 12 ಅಡಿಗೆ ಸಾಮಾನ್ಯವಾಗಿ ಮೂರು ಮೂರು ಅಡಿಯ ನಾಲ್ಕು ರೆಕ್ಕೆ. ಒಳಗೆ 3 ಅಡಿ ಇದ್ದರೆ ಸಾಕು. ಆದರೆ ಮಡಚಿ ನಿಂತ ಎರಡೆರಡು ರೆಕ್ಕೆಯ ದಪ್ಪ ಎರಡೂ ಬದಿಯಲ್ಲಿ ದಾರಿಯೊಳಗೇ ಉಳಿಯುವುದರಿಂದ ಕ್ಲಿಯರ್ ಲೆಕ್ಕದಲ್ಲಿ ಒಟ್ಟು ಒಂದಡಿಯಷ್ಟು ಕಳೆಯಿರಿ.

ಇನ್ನೊಂದು ರೂಢಿ, ಹತ್ತು ಅಡಿಯನ್ನು 7 ಮತ್ತು 3 ಎಂದು ಒಡೆಯುವುದು. ದಿನಕ್ಕೆ ಹತ್ತು ಸಲ ಓಡಾಡುವವರಿಗೆ, ಸ್ಕೂಟಿಗೆ 3 ಅಡಿ ರೆಕ್ಕೆ. ಕಾರು ತೆಗೆಯುವಾಗ ಎರಡೂ. ಓಡಾಟಕ್ಕೆ ಇದು ತುಂಬ ಅನುಕೂಲ, ಆದರೆ 7 ಅಡಿ ರೆಕ್ಕೆಯ ಭಾರದ ಬಗ್ಗೆ ಎಚ್ಚರ ಬೇಕು. 5×5 ಅಡಿಯ ಒಂದು ರೆಕ್ಕೆಯನ್ನು ತೆಗೆದುಕೊಳ್ಳಿ: 16 ಗೇಜ್ ತಗಡು 29 ಕೆಜಿ, 40×40 ಮಿ.ಮೀ. ಪೈಪಿನ ಚೌಕಟ್ಟು 18 ಕೆಜಿ, ಒಟ್ಟು 47 ಕೆಜಿ ಹತ್ತಿರ. ರೆಕ್ಕೆ ಅಗಲವಾದಂತೆ ತೂಕವೂ ಏರುತ್ತದೆ, ಆ ತೂಕ ಹಿಂಜ್‌ನಿಂದ ದೂರವೂ ಸರಿಯುತ್ತದೆ. ಹೀಗಾಗಿ 5 ಅಡಿಯಿಂದ 7 ಅಡಿಗೆ ಹೋದರೆ ಮೇಲಿನ ಹಿಂಜಿನ ಮೇಲೆ ಬೀಳುವ ಎಳೆತ ಹೆಚ್ಚುಕಡಿಮೆ ಇಮ್ಮಡಿ. ಎರಡು ಹಿಂಜ್ ಇದ್ದಲ್ಲಿ ಮೂರು ಹಾಕಿಸಿ, ಚೌಕಟ್ಟಿಗೆ ಓರೆ ಪೈಪ್ ಕೊಡಿಸಿ, ತುದಿಯಲ್ಲಿ ನೆಲಕ್ಕೆ ತಾಗುವ ಚಕ್ರ ಇರಲಿ. ಪೂರ್ತಿ ತಗಡು ಮುಚ್ಚುವ ಬದಲು ಮೇಲರ್ಧ ಜಾಲರಿ ಮಾಡಿಸಿದರೆ ತೂಕವೂ ಇಳಿಯುತ್ತದೆ, ಗಾಳಿಯ ಹೊಡೆತವೂ ಕಡಿಮೆ. ಜೋಗಿಮಟ್ಟಿಯ ಕಡೆ ಗಾಳಿಯಂತ್ರ ತಿರುಗಿಸುವ ಗಾಳಿ ಚಿತ್ರದುರ್ಗದ ಗೇಟುಗಳನ್ನೂ ಬಡಿಯುತ್ತದೆ.

ಇಳಿಜಾರು

ಮಳೆನೀರು ನುಗ್ಗದಿರಲಿ ಎಂದು ನೆಲವನ್ನು ರಸ್ತೆಗಿಂತ ಎತ್ತರಿಸುತ್ತೇವೆ. ಎತ್ತರಿಸಿದ್ದನ್ನು ಚರಂಡಿಯ ಮೇಲಿನ ಚಪ್ಪಡಿಯಿಂದ ಗೇಟಿನವರೆಗಿನ ನಾಲ್ಕಡಿಯಲ್ಲೇ ಹತ್ತಿಸಲು ಹೋದರೆ ಕಾರಿನ ಹೊಟ್ಟೆ ಉಜ್ಜುತ್ತದೆ. ಸ್ವಿಫ್ಟ್‌ನ ಚಕ್ರದಿಂದ ಚಕ್ರಕ್ಕೆ 2450 ಮಿ.ಮೀ., ನೆಲದಿಂದ ಹೊಟ್ಟೆಗೆ 163 ಮಿ.ಮೀ. ನಾಲ್ಕಡಿಗೆ ಒಂದಡಿ ಏರುವ ರಾಂಪಿನ ನೆತ್ತಿಯಲ್ಲಿ ಕಾರು ಅರ್ಧ ಇತ್ತ ಅರ್ಧ ಅತ್ತ ನಿಂತಾಗ ನೆತ್ತಿಯ ಮೂಲೆ ಹೊಟ್ಟೆಯ ಕಡೆಗೆ 150 ಮಿ.ಮೀ. ಏರಿರುತ್ತದೆ. ಉಳಿದದ್ದು ಅರ್ಧ ಇಂಚು, ಅದೂ ಖಾಲಿ ಕಾರಿಗೆ. ನಾಲ್ಕು ಜನ ಕೂತರೆ ಆ ಅರ್ಧ ಇಂಚೂ ಇಲ್ಲ. ಆರಡಿಗೆ ಒಂದಡಿ ಆದರೆ ಈ ಏರಿಕೆ 100 ಮಿ.ಮೀ.ಗೆ ಇಳಿಯುತ್ತದೆ, ಎಂಟಡಿಗೆ ಒಂದಡಿ ಆದರೆ ನೆಮ್ಮದಿ. ನೆತ್ತಿಯನ್ನು ಚೂಪಾಗಿ ಬಿಡದೆ ದುಂಡಗೆ ಮಾಡಿಸುವುದು ಮೇಸ್ತ್ರಿಗೆ ಹೇಳಲೇಬೇಕಾದ ಮಾತು.

ಇಳಿಜಾರು ಗೇಟಿನೊಳಗೂ ಮುಂದುವರಿದರೆ ಬೇರೆ ತೊಂದರೆ. ಒಳಕ್ಕೆ ತಿರುಗುವ ರೆಕ್ಕೆ ಏರುವ ನೆಲಕ್ಕೆ ತಾಗುತ್ತದೆ. ಇಪ್ಪತ್ತಡಿಗೆ ಒಂದಡಿಯ ಸಣ್ಣ ಏರು ಕೂಡ 5 ಅಡಿ ರೆಕ್ಕೆಯ ಅಂತರದಲ್ಲಿ 3 ಇಂಚು. ಅದಕ್ಕೆಂದು ಕೆಳಗೆ 3–4 ಇಂಚು ಸಂದಿ ಬಿಟ್ಟರೆ ಹೆಗ್ಗಣಕ್ಕೆ ದಾರಿ. ರಾಂಪ್ ಗೇಟಿನ ಹೊರಗೇ ಮುಗಿಯಬೇಕು, ಇಲ್ಲವೇ ರೆಕ್ಕೆ ತಿರುಗುವ ಜಾಗ ದಾಟಿದ ಮೇಲೆ ಶುರುವಾಗಬೇಕು. ಎರಡೂ ಆಗದಿದ್ದರೆ ಸ್ಲೈಡಿಂಗ್.

ರೋಲಿಂಗ್ ಶಟರ್ ಹಾಕಿಸುವುದಾದರೆ

ಮೇಲೆ ಮನೆ, ಕೆಳಗೆ ಪಾರ್ಕಿಂಗ್ ಇರುವ ಕಡೆ ಶಟರ್ ಕೇಳುವವರು ಹೆಚ್ಚು. ಇಲ್ಲಿ ಅಗಲಕ್ಕಿಂತ ಎತ್ತರ ಕೈಕೊಡುತ್ತದೆ. ನೆಲದಿಂದ ಮೋಲ್ಡಿನ ತಳಕ್ಕೆ 10 ಅಡಿ, ಬೀಮ್ ಕೆಳಗಿಳಿದಿರುವುದು 1 ಅಡಿ 3 ಇಂಚು. ಉಳಿದದ್ದು 8 ಅಡಿ 9 ಇಂಚು. ನೆಲಕ್ಕೆ ಕಾಂಕ್ರೀಟು, ಟೈಲ್ಸ್ ಬಿದ್ದ ಮೇಲೆ 8 ಅಡಿ 4 ಇಂಚು. ಶಟರ್ ಸುತ್ತಿಕೊಳ್ಳುವ ಪೆಟ್ಟಿಗೆಯನ್ನು ಬೀಮ್ ಕೆಳಗೆ ಕೂರಿಸಿದರೆ ಇನ್ನೂ 1 ಅಡಿ 3 ಇಂಚು ಹೋಗಿ 7 ಅಡಿ 1 ಇಂಚು. ಬೊಲೆರೊ ಎತ್ತರ 1880 ಮಿ.ಮೀ., ಅಂದರೆ 6 ಅಡಿ 2 ಇಂಚು. ಮೇಲೆ ಕ್ಯಾರಿಯರ್ ಇದ್ದರೆ 6 ಅಡಿ 10 ಇಂಚು ಹತ್ತಿರ. ಮೂರು ಇಂಚಿನಲ್ಲಿ ಪಾರು. ಕ್ಯಾರಿಯರ್ ಮೇಲೆ ಒಂದು ಚೀಲ ಇದ್ದರೂ ಕಷ್ಟ. ಏರುವ ರಾಂಪ್ ಸರಿಯಾಗಿ ಶಟರ್ ಕೆಳಗೆ ಶುರುವಾಗುತ್ತಿದ್ದರೆ, ಕಾರು ಆ ತಗ್ಗಿನ ಮೇಲೆ ಹಾದು ನಿಂತಾಗ ಟಾಪು ಇನ್ನೂ ನಾಲ್ಕು ಇಂಚಿನಷ್ಟು ಮೇಲಕ್ಕೆ ಬರುತ್ತದೆ. ಹಾಗಾಗಿ ಪೆಟ್ಟಿಗೆಯನ್ನು ಬೀಮಿನ ಕೆಳಗಲ್ಲ, ಬೀಮಿನ ಹಿಂದೆ ಒಳಮುಖಕ್ಕೆ ಕೂರಿಸಿ. ಒಂದಡಿ ಮೂರು ಇಂಚು ಹಾಗೇ ಉಳಿಯುತ್ತದೆ.

ಅಗಲಕ್ಕೂ ಇದೇ ನೀತಿ. ಶಟರಿನ ಅಂಚು ಜಾರುವ ಎರಡು ಬದಿಯ ಗೈಡ್ ಚಾನೆಲ್‌ಗಳನ್ನು ಪಿಲ್ಲರ್‌ಗಳ ನಡುವೆ ನಿಲ್ಲಿಸಿದರೆ ಒಟ್ಟು 5–6 ಇಂಚು ಹೋಗುತ್ತದೆ. ಒಳಗಿನ ಮುಖಕ್ಕೆ ಬೋಲ್ಟ್ ಮಾಡಿದರೆ ಏನೂ ಹೋಗುವುದಿಲ್ಲ.

ಶಟರಿನ ವಿಸ್ತೀರ್ಣ ಹೆಚ್ಚಾದಂತೆ ಅದರ ಒಳಸಲಕರಣೆಯೂ ಬದಲಾಗಬೇಕು. ಸರಕಾರಿ ಕಾಮಗಾರಿಯ ನಿಯಮಗಳಲ್ಲಿ ಇರುವ ಮಿತಿ ಮನೆಗೂ ಸರಿಹೊಂದುತ್ತದೆ: ಕೈಯಿಂದ ಎತ್ತಿ ಇಳಿಸುವ ಶಟರ್ ಬಾಲ್ ಬೇರಿಂಗ್ ಇಲ್ಲದೆ 8 ಚದರ ಮೀಟರ್‌ವರೆಗೆ, ಬೇರಿಂಗ್ ಇದ್ದರೆ 12ರವರೆಗೆ, ಅದಕ್ಕೂ ಮೇಲೆ ಗೇರ್. 10×8 ಅಡಿ ಶಟರ್ 7.4 ಚದರ ಮೀಟರ್, ಸರಳವಾದದ್ದೇ ಸಾಕು. 12×8 ಆದರೆ 8.9, ಬೇರಿಂಗ್ ಬೇಕೇ ಬೇಕು. ಬೇರಿಂಗ್ ಉಳಿಸಿ ಸ್ಪ್ರಿಂಗ್ ಮೇಲೆ ಭಾರ ಹಾಕಿದರೆ ಕೆಲವು ವರ್ಷಕ್ಕೆ ಸ್ಪ್ರಿಂಗ್ ಸೋತು, ಎತ್ತಿದ ಶಟರ್ ನಿಲ್ಲದೆ ಕೆಳಗೆ ಬೀಳತೊಡಗುತ್ತದೆ. ಅಗಲ 3.5 ಮೀಟರ್, ಅಂದರೆ ಹನ್ನೊಂದೂವರೆ ಅಡಿಯ ಒಳಗಿದ್ದರೆ ಪಟ್ಟಿ 0.9 ಮಿ.ಮೀ. ದಪ್ಪ, ಗೈಡ್ ಚಾನೆಲ್ 65 ಮಿ.ಮೀ. ಆಳ, ಅದನ್ನು ಮೀರಿದರೆ ಪಟ್ಟಿ 1.2 ಮಿ.ಮೀ., ಚಾನೆಲ್ 75 ಮಿ.ಮೀ. ಅಗಲ ಶಟರಿಗೆ ತೆಳು ಪಟ್ಟಿ ಹಾಕಿದರೆ ಗಾಳಿಗೆ ಹೊಟ್ಟೆ ಉಬ್ಬಿ ಅಂಚು ಚಾನೆಲ್‌ನಿಂದ ಹೊರಬರುತ್ತದೆ. ಮೋಟರ್ ಹಾಕಿಸುವವರು ಕರೆಂಟ್ ಇಲ್ಲದಾಗ ಕೈಯಿಂದ ಎತ್ತುವ ಚೈನ್ ಇದೆಯೇ ಎಂದು ಮೊದಲೇ ಕೇಳಿ.

ಮೇಲಕ್ಕೆ ಸರಿದು ಸೂರಿನ ಕೆಳಗೆ ಅಡ್ಡ ಮಲಗುವ ವಿದೇಶಿ ಮಾದರಿಯ ಬಾಗಿಲು ಬಯಸುವವರು ಬೀಮ್‌ಗಳನ್ನು ನೋಡಿಕೊಳ್ಳಬೇಕು. ಅದಕ್ಕೆ ದಾರಿಯ ಮೇಲೆ ಒಂದಡಿಯಷ್ಟು ಜಾಗ, ಒಳಕ್ಕೆ ಬಾಗಿಲಿನ ಎತ್ತರಕ್ಕಿಂತ ಒಂದೂವರೆ ಅಡಿ ಹೆಚ್ಚು ಉದ್ದದ ತಡೆಯಿಲ್ಲದ ಸೂರು ಬೇಕು. ನಮ್ಮ ಪಾರ್ಕಿಂಗಿನಲ್ಲಿ ಅಷ್ಟರೊಳಗೆ ಒಂದು ಅಡ್ಡ ಬೀಮ್ ಇದ್ದೇ ಇರುತ್ತದೆ.

ಎರೆ ಮಣ್ಣಿನ ಪಿಲ್ಲರ್

ದಾವಣಗೆರೆ ಸುತ್ತ ಎರೆ ಭೂಮಿಯಲ್ಲಿ ಬಿದ್ದ ಸೈಟುಗಳಿಗೆ ಇದು ಅಳತೆಯಷ್ಟೇ ಮುಖ್ಯ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮನೆಯ ಪಾಯವನ್ನು ಗಟ್ಟಿ ನೆಲದವರೆಗೆ ಇಳಿಸುವವರೇ ಗೇಟಿನ ಪಿಲ್ಲರಿಗೆ ಎರಡಡಿ ತೋಡಿ ಮುಗಿಸುತ್ತಾರೆ. ಒಂದೆರಡು ಮಳೆಗಾಲಕ್ಕೆ ಪಿಲ್ಲರ್ ಕೂದಲೆಳೆಯಷ್ಟು ವಾಲುತ್ತದೆ, ಚಿಲಕ ಕೂರುವುದು ನಿಲ್ಲುತ್ತದೆ, ವೆಲ್ಡರ್ ಬಂದು ಗೇಟು ಕತ್ತರಿಸುತ್ತಾರೆ, ಬೇಸಿಗೆಯಲ್ಲಿ ಅದೇ ಗೇಟಿಗೆ ಸಂದಿ ಬೀಳುತ್ತದೆ. ಗೇಟಿನ ಪಿಲ್ಲರ್‌ಗಳನ್ನೂ ಎರೆ ದಾಟಿ ಮೊರಮ್ ಸಿಗುವವರೆಗೆ ಇಳಿಸಿ, ಎರಡನ್ನೂ ನೆಲದೊಳಗೆ ಒಂದು ಬೀಮ್‌ನಿಂದ ಕಟ್ಟಿಸಿ. ಆ ಬೀಮ್ ಮೇಲೆಯೇ ಸ್ಲೈಡಿಂಗ್ ಟ್ರ್ಯಾಕ್ ಕೂಡ ಕೂರುತ್ತದೆ. ಹಿಂಜ್‌ಗೆ ಬೇಕಾದ ಕಬ್ಬಿಣದ ಪ್ಲೇಟುಗಳನ್ನು ಕಾಂಕ್ರೀಟ್ ಹಾಕುವಾಗಲೇ ಹೂತಿಡಿ. ಆಮೇಲೆ ಡ್ರಿಲ್ ಹೊಡೆದು ಕೂರಿಸಿದ ಬೋಲ್ಟ್ 50 ಕೆಜಿಯ ರೆಕ್ಕೆಯ ಎಳೆತಕ್ಕೆ ಸಡಿಲಾಗುತ್ತದೆ.

ಗೇಟು ಮಾಡಲು ಹೇಳುವುದು ಪ್ಲಾಸ್ಟರ್, ಕಲ್ಲು, ನೆಲ ಮೂರೂ ಮುಗಿದ ಮೇಲೆಯೇ. ಅಗಲವನ್ನು ಕೆಳಗೆ, ನಡುವೆ, ಮೇಲೆ ಮೂರು ಕಡೆ ಅಳೆದು ಅತಿ ಕಡಿಮೆ ಬಂದದ್ದನ್ನು ಹಿಡಿಯಿರಿ. ಎತ್ತರವನ್ನು ಎರಡೂ ತುದಿಯಲ್ಲಿ ಅಳೆಯಿರಿ. ಮೂಲೆಯಿಂದ ಮೂಲೆಗೆ ಎರಡು ಓರೆ ಅಳತೆ ಹಿಡಿದು ನೋಡಿ. ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಪಿಲ್ಲರ್ ನೆಟ್ಟಗಿಲ್ಲ ಎಂದರ್ಥ, ಅದನ್ನು ಸರಿಪಡಿಸಿ ಆಮೇಲೆ ಮುಂಗಡ ಕೊಡಿ. ರಸೀದಿಯಲ್ಲಿ ‘10 ಅಡಿ ಗೇಟು’ ಎಂದಷ್ಟೇ ಬರೆಸದೆ ‘ತೆರೆದಾಗ ಕ್ಲಿಯರ್ 9 ಅಡಿ’ ಎಂದು ಬರೆಸಿಕೊಳ್ಳಿ, ಪೈಪಿನ ಅಳತೆ, ತಗಡಿನ ಗೇಜ್, ಹಿಂಜ್‌ಗಳ ಸಂಖ್ಯೆಯ ಸಮೇತ.